ನಾಲ್ಕೂವರೆಯ ಸಾಕ್ಷಿ

ಆ ಮಂಗಳವಾರ ಬೆಳಿಗ್ಗೆ ಮೊದಲನೆಯ ಟೋಕನ್ನಿಗೇ ಅವಳಿಗೆ ನರ ಸಿಗಲಿಲ್ಲ. ನಿವೃತ್ತ ಮೇಷ್ಟರೊಬ್ಬರ ತೋಳು. ಮೊಣಕೈಯ ಒಳಮಡಿಕೆಯಲ್ಲಿ ನೀಲಿ ಗೆರೆ ಕುರುಡರಿಗೂ ಕಾಣುವಷ್ಟು ಉಬ್ಬಿ ನಿಂತಿತ್ತು. ಹದಿನಾರು ವರ್ಷದಿಂದ ಈ ಲ್ಯಾಬಿನ ಮೂರನೆಯ ಕುರ್ಚಿಯ ಪಕ್ಕ ನಿಂತು ಬಂದವರ ರಕ್ತ ತೆಗೆಯುವುದೇ ಅವಳ ಕೆಲಸ. ಚುಚ್ಚಿದ್ದು ಇರುವೆ ಕಚ್ಚಿದಷ್ಟೂ ಗೊತ್ತಾಗಲಿಲ್ಲ ಎಂದು ಯಾರೋ ಎಂದೋ ಹೇಳಿದ್ದರಿಂದ ಅಲ್ಲಿ ಎಲ್ಲರಿಗೂ ಅವಳು ಇರುವೆಯಕ್ಕ. ಇವತ್ತು ಸೂಜಿ ಒಳಗೆ ಹೋಯಿತು, ಕೊಳವೆಗೆ ಒಂದು ಹನಿಯೂ ಬರಲಿಲ್ಲ. ಮೇಷ್ಟರು ಹಲ್ಲು ಕಚ್ಚಿಕೊಂಡು, "ಪರವಾಗಿಲ್ಲಮ್ಮ, ನಾನೂ ಎಷ್ಟೋ ಮಕ್ಕಳ ಕಿವಿ ಹಿಂಡಿದ್ದೀನಿ. ಲೆಕ್ಕ ಸರಿ ಹೋಯ್ತು" ಎಂದರು. ಅವಳು ನಗಲು ನೋಡಿದಳು. ಹತ್ತಿ ಒತ್ತಿ ಹಿಡಿದು, ರಬ್ಬರ್ ಪಟ್ಟಿಯನ್ನು ಇನ್ನೊಂದು ತೋಳಿಗೆ ಕಟ್ಟುವಾಗ ತನ್ನ ಬೆರಳುಗಳು ತನ್ನವಲ್ಲವೆನ್ನುವಂತೆ ಅವನ್ನೇ ನೋಡಿದಳು. ನಿದ್ದೆ ಸಾಲದ ಬೆರಳುಗಳು. ನಿದ್ದೆ ಸಾಲದಿರುವುದು ಹೊಸದೇನಲ್ಲ. ಆದರೆ ಈ ಮೂರು ವಾರಗಳಿಂದ ಅದಕ್ಕೊಂದು ನಾಚಿಕೆಗೇಡಿನ ಕಾರಣ ಅಂಟಿಕೊಂಡಿತ್ತು.

ಮೂರು ವಾರದ ಹಿಂದಿನ ಭಾನುವಾರ. ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ಸ್ತ್ರೀಯರ ಕೂಟ. ಸಭಾಪಾಲಕರ ಹೆಂಡತಿಯನ್ನು ಎಲ್ಲರೂ ಅಮ್ಮನವರು ಎನ್ನುತ್ತಿದ್ದರು. ಅವರು ಕನ್ನಡಕ ಏರಿಸಿಕೊಂಡು ಬೆಂಚುಗಳ ಮೇಲೆ ಕಣ್ಣಾಡಿಸಿ, ನೇರ ಇವಳ ಮೇಲೆ ನಿಲ್ಲಿಸಿದರು. "ನಮ್ಮಲ್ಲಿ ಎಲ್ಲರಿಗಿಂತ ಕೆಲಸ ಜಾಸ್ತಿ ಇರೋದು ಇವರಿಗೆ. ಹೊರಗೆ ಡ್ಯೂಟಿ, ಮನೇಲಿ ಹಾಸಿಗೆ ಹಿಡಿದ ಅತ್ತೆ, ಎರಡು ಮಕ್ಕಳು. ಆದ್ರೂ ಒಂದು ದಿನ ಮುಖ ಬಾಡಿದ್ದು ನೋಡಿಲ್ಲ. ದೇವರಿಗೆ ಅಂತ ಹೊತ್ತು ಹೇಗೆ ಮಾಡ್ಕೋತೀರಮ್ಮ? ನಾಲ್ಕು ಮಾತು ಸಾಕ್ಷಿ ಹೇಳಿ." ಅವಳು ಎದ್ದು ನಿಂತಳು. ಮಾಡ್ಕೊಳ್ಳೋಕೆ ಆಗ್ತಾ ಇಲ್ಲ ಅಮ್ಮ ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು ಎಂದು ಅವಳಿಗೆ ಈಗಲೂ ಅನಿಸುತ್ತದೆ. ಬಂದಿತ್ತೋ, ಬಂದಿತ್ತು ಎಂದು ಆಮೇಲೆ ಸಮಾಧಾನಕ್ಕೆ ಹೇಳಿಕೊಂಡಳೋ, ಅದೂ ಈಗ ಖಾತ್ರಿಯಿಲ್ಲ. ಬಾಯಿಂದ ಬಂದದ್ದು ಮಾತ್ರ, "ನಾಲ್ಕೂವರೆಗೆ ಏಳ್ತೀನಿ" ಎಂದು. ಒಂದು ಕುರಿ ಬೇಲಿ ದಾಟಿದ ಮೇಲೆ ಉಳಿದವನ್ನು ತಡೆಯುವವರು ಯಾರು? ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಳ್ಳುತ್ತೇನೆ, ಮೊಣಕಾಲೂರುತ್ತೇನೆ, ಬೈಬಲಿನ ಒಂದು ಕೀರ್ತನೆ ಓದುತ್ತೇನೆ, ಒಂದು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ಕಿಟಕಿಯಲ್ಲಿ ಬೆಳಕು ಮೆಲ್ಲಗೆ ಬರುವುದನ್ನೂ ಸೇರಿಸಿದಳು. ಅವಳ ಮನೆಯ ಅಡುಗೆಮನೆಯ ಕಿಟಕಿ ತೆರೆದರೆ ಕಾಣುವುದು ಪಕ್ಕದ ಮನೆಯ ಗೋಡೆ. ಹೆಂಗಸರು ಉಸಿರೆಳೆದುಕೊಂಡು "ಸ್ತೋತ್ರ" ಎಂದರು. ಅಮ್ಮನವರು ನೋಟ್‌ಬುಕ್ಕಿನಲ್ಲಿ ಏನನ್ನೋ ಬರೆದುಕೊಂಡರು.

ನಿಜ ಏನೆಂದರೆ ಅವಳು ಏಳುವುದು ಐದಕ್ಕೆ, ಅದೂ ಅಲಾರಂ ಎರಡು ಸಲ ಬಡಿದುಕೊಂಡ ಮೇಲೆ. ಒಲೆ ಹಚ್ಚಬೇಕು, ಮೂರು ಡಬ್ಬಿ ತುಂಬಬೇಕು, ಅತ್ತೆಯ ಮೈ ಒರೆಸಿ ಬಟ್ಟೆ ಬದಲಾಯಿಸಿ ಮಾತ್ರೆ ಕೊಡಬೇಕು, ಐದೂ ಐವತ್ತರ ಬಸ್ಸು ಹಿಡಿಯಬೇಕು. ಖಾಲಿ ಹೊಟ್ಟೆಯಲ್ಲಿ ಬಂದು ಕೂತ ಜನ ಆರು ಗಂಟೆಗೇ ಲ್ಯಾಬಿನ ಬಾಗಿಲು ಬಡಿಯುತ್ತಾರೆ. ಸಂಜೆ ಮತ್ತೆ ಅದೇ ಗಾಣ. ಒಂದು ಕಾಲದಲ್ಲಿ ಹೀಗಿರಲಿಲ್ಲ. ಮದುವೆಗೆ ಮುಂಚೆ, ತವರಿನ ಮಹಡಿ ಮೆಟ್ಟಿಲ ಮೇಲೆ ಕೂತು ತುಟಿ ಅಲ್ಲಾಡಿಸದೆ ಗಂಟೆಗಟ್ಟಲೆ ದೇವರ ಜೊತೆ ಮಾತಾಡುತ್ತಿದ್ದಳು; ಅದನ್ನು ಪ್ರಾರ್ಥನೆ ಎಂದು ಕರೆಯಬೇಕೆಂದೂ ಆಗ ಹೊಳೆದಿರಲಿಲ್ಲ. ಈಗ ಅವನ ನೆನಪಾಗುವುದು ಬಹಳ ದಿನದಿಂದ ಪತ್ರ ಬರೆಯದ ಅಣ್ಣನ ನೆನಪಾದ ಹಾಗೆ. ನೆನಪಾದೊಡನೆ ಪ್ರೀತಿಗಿಂತ ಮೊದಲು ತಪ್ಪಿತಸ್ಥ ಭಾವ ಬಂದು ಬಾಗಿಲಲ್ಲಿ ನಿಲ್ಲುತ್ತದೆ, ಆದ್ದರಿಂದ ನೆನಪನ್ನೇ ಆಚೆ ತಳ್ಳುವುದು.

ಕೂಟದ ಸುದ್ದಿ ಗಂಡನಿಗೆ ಚರ್ಚಿನ ಅಂಗಳದಲ್ಲೇ ತಲುಪಿತ್ತು. ಬಸ್ ನಿಲ್ದಾಣದವರೆಗೆ ನಡೆದು ಬಂದ ಅವನು, "ನಾಲ್ಕೂವರೆಗೆ ನಮ್ಮನೇಲಿ ಏಳೋರು ಯಾರು ಅಂತ ಯೋಚಿಸ್ತಿದ್ದೆ ಕಣೇ. ಜಿರಳೆ ಇರಬೇಕು" ಎಂದು ತಾನೇ ನಕ್ಕ. ಮತ್ತೆ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

ಹೇಳಿದ ಸುಳ್ಳನ್ನು ನಿಜ ಮಾಡಿಬಿಟ್ಟರೆ ಅದು ಸುಳ್ಳಾಗಿ ಉಳಿಯುವುದಿಲ್ಲ ಎಂದು ಆ ಸೋಮವಾರವೇ ಅವಳು ಅಲಾರಂ ನಾಲ್ಕೂವರೆಗೆ ತಿರುಗಿಸಿದ್ದಳು. ಮೊದಲ ದಿನ ಸದ್ದಿಗೆ ಅತ್ತೆ ಎಚ್ಚರಗೊಂಡು, "ಬೆಳಗಾಯ್ತೇನೇ? ಬಚ್ಚಲಿಗೆ ಕರ್ಕೊಂಡು ಹೋಗು" ಎಂದರು. ಎರಡನೆಯ ದಿನ ಸಣ್ಣವಳಿಗೆ ಜ್ವರ. ಮೂರನೆಯ ದಿನ ನಿಜವಾಗಿಯೂ ಮೊಣಕಾಲೂರಿದಳು. ಕಣ್ಣು ಬಿಟ್ಟಾಗ ಐದೂ ನಲವತ್ತು, ಕೆನ್ನೆಯ ಮೇಲೆ ಚಾಪೆಯ ಅಚ್ಚು. ಆ ದಿನ ಮಕ್ಕಳು ಬರೀ ಬ್ರೆಡ್ಡು ಕಟ್ಟಿಕೊಂಡು ಹೋದವು. ಇಷ್ಟಾದರೂ ಬಿಡದೆ ಅವಳು ಹಟ ಹಿಡಿದಿದ್ದಳು. ಹಟ ಯಾರ ಮೇಲೆ, ದೇವರ ಮೇಲೋ, ಅಮ್ಮನವರ ನೋಟ್‌ಬುಕ್ಕಿನ ಮೇಲೋ, ಅದನ್ನು ಕೇಳಿಕೊಳ್ಳುವ ಧೈರ್ಯ ಇರಲಿಲ್ಲ.

"ಮೂವತ್ತೇಳು" ಎಂದು ಕೌಂಟರಿನವಳು ಕೂಗಿದಳು. ತಲೆಯೆತ್ತಿದರೆ ಎದುರು ನಿಂತಿದ್ದವಳು ಹೊಲಿಗೆಯ ಹುಡುಗಿ. ಅವರ ಸಭೆಯವಳೇ, ಕೂಟದಲ್ಲಿ ಯಾವಾಗಲೂ ಕೊನೆಯ ಬೆಂಚು. ಎರಡು ರಸ್ತೆ ಆಚೆಯ ಬಟ್ಟೆ ಅಂಗಡಿಯ ಹಿಂಕೋಣೆಯಲ್ಲಿ ಗಿರಾಕಿಗಳ ಪ್ಯಾಂಟು ಗಿಡ್ಡ ಮಾಡುವುದು, ಸೊಂಟ ಬಿಗಿ ಮಾಡುವುದು ಅವಳ ಕೆಲಸ. ಏಳು ತಿಂಗಳ ಮಗುವಿದೆ. ಕುರ್ಚಿಯಲ್ಲಿ ಕೂತು ತೋಳು ಚಾಚಿದವಳ ಅಂಗೈ ಕಾಗದದಂತೆ ಬಿಳಿಚಿಕೊಂಡಿತ್ತು.

"ಏನಮ್ಮಾ, ಏನಾಯ್ತು?"

"ತಲೆ ಸುತ್ತತ್ತೆ ಅಕ್ಕಾ. ಮೊನ್ನೆ ಮೆಷಿನ್ ಮೇಲೇ ಬಿದ್ದೆ. ಡಾಕ್ಟ್ರು ರಕ್ತ ಪರೀಕ್ಷೆ ಮಾಡಿಸು ಅಂದ್ರು." ಹುಡುಗಿ ಸುತ್ತ ನೋಡಿ ದನಿ ತಗ್ಗಿಸಿದಳು. "ನಿಮ್ಮ ಹತ್ರ ಒಂದು ಕೇಳ್ಬೇಕಿತ್ತು. ನಿಮ್ಮ ಸಾಕ್ಷಿ ಕೇಳಿದಾಗಿಂದ ನಾನೂ ನಾಲ್ಕೂವರೆಗೆ ಏಳ್ತಿದ್ದೀನಿ. ಮಗು ರಾತ್ರಿ ಮೂರು ಸಲ ಎಬ್ಬಿಸತ್ತೆ, ಆದ್ರೂ ಏಳ್ತೀನಿ. ಮೊಣಕಾಲೂರಿದ್ರೆ ಸಾಕು, ಕಣ್ಣು ಎಳೆಯತ್ತೆ. ಕೆನ್ನೆಗೆ ಹೊಡ್ಕೋತೀನಿ. ತಣ್ಣೀರು ಹಾಕ್ಕೋತೀನಿ. ಒಂದು ಮಾತೂ ಬರಲ್ಲ ಅಕ್ಕಾ. ನಿಮಗೆ ಒಂದು ಗಂಟೆ ಹೋದದ್ದೇ ಗೊತ್ತಾಗಲ್ಲ ಅಂದ್ರಿ. ನಂಗೆ ಐದು ನಿಮಿಷ ಆಗಲ್ಲ. ದೇವರಿಗೆ ನಾನು ಬೇಡವೇನೋ ಅನ್ಸತ್ತೆ."

ಅವಳು ರಬ್ಬರ್ ಪಟ್ಟಿ ಕಟ್ಟಿದಳು. ಬೆರಳು ನರ ಹುಡುಕಿತು, ಸಿಕ್ಕಿತು. ನೇರಳೆ ಮುಚ್ಚಳದ ಕೊಳವೆಯಲ್ಲಿ ರಕ್ತ ಏರುತ್ತಿರುವಾಗ ಮನಸ್ಸು, ಈಗ ಹೇಳು, ಈಗ ಹೇಳು ಎಂದು ಬಡಿದುಕೊಳ್ಳುತ್ತಿತ್ತು. ಬೆನ್ನ ಹಿಂದೆ ಇಪ್ಪತ್ತು ಜನ ಹಸಿದುಕೊಂಡು ಕಾಯುತ್ತಿದ್ದಾರೆ. ಮ್ಯಾನೇಜರು ಗಾಜಿನ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದಾನೆ. ಇಲ್ಲಿ ಹೇಗೆ ಹೇಳುವುದು? ಹುಡುಗಿ ಮುಖವೆತ್ತಿ ಕಾಯುತ್ತಿದ್ದಳು. ಗುರುಗಳ ಬಾಯಿಂದ ಬರುವ ಮಾತಿಗೆ ಕಾಯುವ ಮುಖ. ಆ ಮುಖ ಹಾಗೆ ತನ್ನನ್ನು ನೋಡುವುದು ಇವಳಿಗೆ, ಆ ಗಳಿಗೆಯಲ್ಲೂ, ಹಿತವಾಗಿತ್ತು.

"ರೂಢಿಯಾಗತ್ತೆ. ಬಿಡಬೇಡ" ಎಂದಳು.

ಹುಡುಗಿ ತಲೆಯಾಡಿಸಿ, ಹತ್ತಿ ಒತ್ತಿಕೊಂಡು ಗೋಡೆ ಹಿಡಿದು ನಡೆದು ಹೋದಳು. ಇವಳು ಕೊಳವೆಯನ್ನು ಎಂಟು ಸಲ ಮೆಲ್ಲಗೆ ತಲೆಕೆಳಗು ಮಾಡಿ, ಹೆಸರಿನ ಚೀಟಿ ಅಂಟಿಸಿ, ಸ್ಟ್ಯಾಂಡಿನಲ್ಲಿ ಇಟ್ಟಳು. ಮೊದಲನೆಯ ಸುಳ್ಳು ನಾಲಿಗೆ ಜಾರಿ ಬಂದದ್ದು ಎನ್ನಬಹುದು. ಇದು ಜಾರಿದ್ದಲ್ಲ. ಕಣ್ಣೆದುರು ಬಿದ್ದುಹೋಗುತ್ತಿರುವವಳ ತಲೆಯ ಮೇಲೆ ಇನ್ನೊಂದು ಕಲ್ಲು ಹೊರಿಸಿ ಕಳಿಸಿದ್ದಳು. ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು. ತೋಳುಗಳು ಬಂದವು, ಹೋದವು. ಕೂದಲಿನ ತೋಳು, ಬಳೆಯ ತೋಳು, ಸುಕ್ಕಿನ ತೋಳು. ಯಾರ ಮುಖವನ್ನೂ ಅವಳು ನೋಡಲಿಲ್ಲ.

ಹನ್ನೊಂದಕ್ಕೆ ಒಳಕೋಣೆಯ ಯಂತ್ರದಿಂದ ವರದಿಗಳು ಬಂದವು. ಹುಡುಗಿಯದನ್ನು ಅವಳು ಹುಡುಕಿ ತೆಗೆದಳು. ಹಿಮೋಗ್ಲೋಬಿನ್ ಏಳು ಪಾಯಿಂಟ್ ಎರಡು. ಹೆರಿಗೆಯಲ್ಲಿ ಹೋದ ರಕ್ತ ತುಂಬಿಕೊಂಡಿಲ್ಲ, ಕಬ್ಬಿಣದ ಅಂಶ ಇಲ್ಲ, ಹದಿನಾರು ವರ್ಷದ ಅನುಭವ ಅಷ್ಟನ್ನು ಓದಬಲ್ಲದು. ಒಂದು ಕ್ಷಣ ಎದೆ ಹಗುರಾಯಿತು: ಹಾಗಾದರೆ ತಲೆಸುತ್ತಿಗೆ ಕಾರಣ ನಾನಲ್ಲ. ಮಾತ್ರೆ ತಗೊಂಡರೆ ಸರಿಹೋಗುತ್ತಾಳೆ, ಏಳುವುದನ್ನು ತಾನಾಗಿಯೇ ಬಿಡುತ್ತಾಳೆ, ಯಾರೂ ಏನೂ ಹೇಳಬೇಕಾಗಿಲ್ಲ. ಹಗುರಾದಷ್ಟೇ ಬೇಗ ಅವಳಿಗೆ ತನ್ನ ಬಗ್ಗೆ ಹೇಸಿಗೆಯಾಯಿತು. ದೇವರಿಗೆ ನಾನು ಬೇಡವೇನೋ ಎಂದಿದ್ದಳಲ್ಲ, ಅದು ಯಾವ ಕಬ್ಬಿಣದ ಮಾತ್ರೆಯಿಂದ ಹೋಗುತ್ತದೆ? ವರದಿಗಳನ್ನು ಸಂಜೆ ಕೌಂಟರಿನಲ್ಲೇ ಕೊಡಬೇಕೆಂಬುದು ನಿಯಮ. ಕೌಂಟರಿನವಳಿಗೆ, "ಇದು ನಮ್ಮವಳದ್ದು, ತುರ್ತು, ನಾನೇ ಕೊಟ್ಟು ಬರ್ತೀನಿ" ಎಂದು ರುಜು ಹಾಕಿ ಪಡೆದುಕೊಂಡಳು. ಹನ್ನೆರಡೂವರೆಗೆ ಊಟದ ಬಿಡುವು, ಅರ್ಧ ಗಂಟೆ. ಡಬ್ಬಿಯನ್ನು ಮುಟ್ಟದೆ ಹೊರಟಳು.

ದಾರಿಯುದ್ದಕ್ಕೂ ಅವಳು ಮಾತು ಜೋಡಿಸಿದಳು. ನೋಡಮ್ಮಾ, ಎಲ್ಲರ ಪರಿಸ್ಥಿತಿ ಒಂದೇ ಥರ ಇರಲ್ಲ. ಇದು ಬುದ್ಧಿವಾದವಾಯಿತು. ನಾನು ಹೇಳಿದ್ದರಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇತ್ತು. ಸ್ವಲ್ಪವೇ? ಬಿಸಿಲು ನೆತ್ತಿಗೆ ಬಡಿಯುತ್ತಿತ್ತು. ಚಪ್ಪಲಿ ಅಂಗಡಿ, ಬೀಗದ ಕೈ ಮಾಡುವವನು, ಮುಚ್ಚಿದ ಬ್ಯಾಂಕಿನ ಶಟರು. ಪ್ರತಿ ತಿರುವಿನಲ್ಲೂ ಮಾತು ಇನ್ನಷ್ಟು ನುಣುಪಾಗುತ್ತಾ ಹೋದಂತೆ, ತಾನು ಮೂರನೆಯ ಸುಳ್ಳಿಗೆ ಅಣಿಯಾಗುತ್ತಿದ್ದೇನೆ ಎಂದು ಅವಳಿಗೆ ಹೊಳೆಯಿತು. ಅಂಗಡಿಯ ಮುಂದೆ ಬಂದಾಗ ಒಂದು ಮಾತೂ ಕೈಯಲ್ಲಿರಲಿಲ್ಲ.

ಹಿಂಕೋಣೆ ಇಬ್ಬರು ನಿಂತರೆ ತುಂಬುವಷ್ಟಿತ್ತು. ಹೊಲಿಗೆ ಮೆಷಿನ್ನು, ಒಂದು ಸ್ಟೂಲು, ಗೋಡೆಗೆ ಒರಗಿದ ಬಟ್ಟೆ ಗಂಟು, ನೆಲದ ತುಂಬ ಬಣ್ಣ ಬಣ್ಣದ ದಾರದ ಚೂರು. ಹುಡುಗಿ ಕಪ್ಪು ಪ್ಯಾಂಟೊಂದರ ಕಾಲು ಮಡಚಿ ಹೊಲಿಯುತ್ತಿದ್ದಳು. "ಅಕ್ಕಾ! ನೀವಿಲ್ಲಿ?" ಎಂದು ಏಳಹೋದವಳನ್ನು ಕೂರಿಸಿ, ವರದಿ ಕೊಟ್ಟು, ರಕ್ತ ಕಡಿಮೆಯಿದೆ, ಇವತ್ತೇ ಡಾಕ್ಟರಿಗೆ ತೋರಿಸು, ನಿರ್ಲಕ್ಷ್ಯ ಮಾಡಬೇಡ ಎಂದು ಹೇಳಿದಳು. ಅಷ್ಟು ಹೇಳಿ ತಿರುಗಿ ಹೋಗಬಹುದಿತ್ತು. ಹುಡುಗಿ, "ಇಷ್ಟಕ್ಕೋಸ್ಕರ ಊಟ ಬಿಟ್ಟು ಬಂದ್ರಾ? ನೀವು ದೇವರಂಥೋರು" ಎಂದಳು. ಆ ಮಾತು ಕಪಾಳಕ್ಕೆ ಬಿದ್ದಂತಾಯಿತು.

"ನಾನು ನಾಲ್ಕೂವರೆಗೆ ಏಳಲ್ಲ ಕಣೇ" ಎಂದಳು.

ಹುಡುಗಿಗೆ ಅರ್ಥವಾಗಲಿಲ್ಲ.

"ಅವತ್ತು ಕೂಟದಲ್ಲಿ ಹೇಳಿದ್ದು ಸುಳ್ಳು. ಐದಕ್ಕೆ ಏಳ್ತೀನಿ, ಬೈಕೊಂಡು ಏಳ್ತೀನಿ. ಪ್ರಾರ್ಥನೆ ಮಾಡಿ ಎಷ್ಟು ದಿನ ಆಯ್ತೋ ನಂಗೇ ನೆನಪಿಲ್ಲ. ಎಲ್ಲರೂ ನನ್ನ ನೋಡ್ತಿದ್ರು, ಸುಳ್ಳು ಹೇಳಿಬಿಟ್ಟೆ. ಬೆಳಿಗ್ಗೆ ನೀನು ಕೇಳಿದಾಗ್ಲೂ ಸುಳ್ಳೇ ಹೇಳ್ದೆ."

"ಆ ಕಿಟಕಿ?"

"ಕಿಟಕಿ ಇದೆ. ಪಕ್ಕದ ಮನೆ ಗೋಡೆ ಕಾಣತ್ತೆ."

ಹುಡುಗಿ ಅವಳನ್ನೇ ನೋಡಿದಳು. ಆಮೇಲೆ ಮುಖ ತಿರುಗಿಸಿ, ಪ್ಯಾಂಟಿನ ಕಾಲನ್ನು ಮೆಷಿನ್ನಿನ ಕೆಳಗೆ ಸರಿಪಡಿಸಿ, ಹೊಲಿಯತೊಡಗಿದಳು. ಒಂದು ಸುತ್ತು ಪೂರ್ತಿ ಹೊಲಿದಳು, ದಾರ ಕತ್ತರಿಸಿದಳು, ಮತ್ತೊಂದು ಕಾಲು ತೆಗೆದುಕೊಂಡಳು. ಮೆಷಿನ್ನಿನ ಸದ್ದು ಸಣ್ಣ ಕೋಣೆಯನ್ನು ತುಂಬಿತು. ಇವಳು ನಿಂತೇ ಇದ್ದಳು. ಕೈಗಳನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಹೋಗು ಎಂದಿದ್ದರೆ ಹೋಗುತ್ತಿದ್ದಳು. ಸದ್ದು ನಿಂತಿತು.

"ಮೂರು ವಾರ ಅಕ್ಕಾ" ಎಂದಳು ಹುಡುಗಿ, ಬಟ್ಟೆ ನೋಡುತ್ತಲೇ. "ಮೂರು ವಾರ ನನ್ನ ಕೆನ್ನೆಗೆ ನಾನೇ ಹೊಡ್ಕೊಂಡೆ. ಒಂದು ದಿನ ಮಗು ಎದ್ದು ಅಳ್ತಿತ್ತು, ನಾನು ಎತ್ತಿಕೊಳ್ಳಲಿಲ್ಲ. ದೇವರ ಹೊತ್ತು ಅಂತ. ಅತ್ತೂ ಅತ್ತೂ ಅದರ ಉಸಿರು ಕಟ್ಟೋ ಹಾಗಾಯ್ತು."

"ತಪ್ಪಾಯ್ತು."

"ಆಯ್ತು ಬಿಡಿ ಅನ್ನೋಕೆ ನಂಗೆ ಬರ್ತಿಲ್ಲ."

"ಅನ್ನಬೇಡ."

ಹುಡುಗಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಹೊರಗೆ ಯಾರೋ ಗಿರಾಕಿ ಅಳತೆಯ ಬಗ್ಗೆ ತಕರಾರು ಮಾಡುತ್ತಿದ್ದ. ಬೇರೆಯದೇ ದನಿಯಲ್ಲಿ ಹುಡುಗಿ ಕೇಳಿದಳು: "ಅಂದ್ರೆ, ನಿಮಗೂ ಮಾತು ಬರಲ್ವಾ?"

"ಇಲ್ಲ."

"ನಿದ್ದೆ ಬರತ್ತಾ?"

"ಚಾಪೆ ಮೇಲೇ ಗೊರಕೆ ಹೊಡೆದೆ."

ಹುಡುಗಿಯ ಬಾಯಿಂದ ಒಂದು ಸದ್ದು ಬಂತು, ನಗುವೋ ಅಳುವೋ ಅದಕ್ಕೇ ಗೊತ್ತಿರಲಿಲ್ಲ. ಅವಳು ಸ್ಟೂಲಿನಿಂದ ಜಾರಿ ಬಟ್ಟೆ ಗಂಟಿಗೆ ಒರಗಿ ನೆಲದ ಮೇಲೆ ಕೂತಳು, ಕಾಲು ಚಾಚಿದಳು. "ಹಾಗಾದ್ರೆ ದೇವರಿಗೆ ನಾನೊಬ್ಬಳೇ ಬೇಡವಾಗಿದ್ದೆ ಅಂತಲ್ಲ" ಎಂದಳು. ಆಮೇಲೆ, "ನೀವು ಈಗ ಏನಾದ್ರೂ ಹೇಳಿ ಅಕ್ಕಾ. ಪ್ರಾರ್ಥನೆ. ಗಂಟೆ ಗಿಂಟೆ ಬೇಡ. ನಿಮಗೆ ಬಂದಷ್ಟು."

ಇವಳು ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿದಳು. ಕೂಟದಲ್ಲಿ ಬಳಸುವ ದೊಡ್ಡ ದೊಡ್ಡ ಮಾತುಗಳೆಲ್ಲ ಸಾಲಾಗಿ ಬಂದು ನಿಂತವು. ಯಾವುದನ್ನೂ ಮುಟ್ಟಲು ಮನಸ್ಸಾಗಲಿಲ್ಲ. "ಕರ್ತನೇ" ಎಂದಳು. ಮುಂದಿನದಕ್ಕೆ ಹುಡುಕಾಡುತ್ತಿರುವಾಗ ಪಕ್ಕದಿಂದ ಆಳವಾದ ಉಸಿರು ಕೇಳಿಸಿತು. ಹುಡುಗಿ ನಿದ್ದೆ ಹೋಗಿದ್ದಳು, ಬಾಯಿ ಅರ್ಧ ತೆರೆದು, ವರದಿಯ ಕಾಗದ ತೊಡೆಯ ಮೇಲೆ.

ಪರದೆ ಸರಿಸಿ ಅಂಗಡಿಯ ಯಜಮಾನರು ತಲೆ ಹಾಕಿದರು, ಕೊರಳಲ್ಲಿ ಅಳತೆಯ ಟೇಪು. ಇವಳು ತುಟಿಗೆ ಬೆರಳಿಟ್ಟಳು. ಅವರು ನೆಲದ ಮೇಲಿನವಳನ್ನು ನೋಡಿದರು, ಪ್ಯಾಂಟು ನೋಡಿದರು, ಪಿಸುದನಿಯಲ್ಲೇ ಗೋಳಾಡಿದರು: "ಒಂದೂವರೆಗೆ ಗಿರಾಕಿ ಬರ್ತಾರಮ್ಮ, ಇನ್ನೊಂದು ಕಾಲು ಬಾಕಿ ಇದೆ."

"ನಾನು ಹೊಲೀತೀನಿ" ಎಂದಳು ಅವಳು.

"ನಿಮಗೆ ಬರತ್ತಾ?"

"ಕೈಹೊಲಿಗೆ ಬರತ್ತೆ. ಸೂಜಿ ಕೊಡಿ."

ಮೆಷಿನ್ನು ಸದ್ದು ಮಾಡುತ್ತದೆಂದು ಅವಳು ಕೈಯಲ್ಲೇ ಹೊಲಿದಳು. ಗಂಟೆ ಒಂದಾಗಿ ಹೋದದ್ದು ಗೊತ್ತಿತ್ತು. ಮೂರನೆಯ ಕುರ್ಚಿ ಖಾಲಿಯಿದೆ ಎನ್ನುವುದೂ ಗೊತ್ತಿತ್ತು. ಕಪ್ಪು ಬಟ್ಟೆಯಲ್ಲಿ ಕಪ್ಪು ದಾರ ಕಾಣುತ್ತಿರಲಿಲ್ಲ, ಬೆರಳಿಗೆ ಎರಡು ಸಲ ಚುಚ್ಚಿಕೊಂಡಳು. ಕರ್ತನೇ, ಇವಳು ಮಲಗಲಿ, ಎಂದಿತು ಮನಸ್ಸು. ಅಷ್ಟೇ. ಅದಕ್ಕೆ ಮೊದಲೂ ಕೊನೆಯೂ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ, ಇವಳ ಮಗು ಮಲಗಲಿ. ಆಮೇಲೆ ಅತ್ತೆಯ ಬೆನ್ನಿನ ಹುಣ್ಣು ನೆನಪಾಯಿತು, ಬೆಳಿಗ್ಗೆ ತಾನು ವೃಥಾ ಚುಚ್ಚಿದ ಮೇಷ್ಟರ ತೋಳು ನೆನಪಾಯಿತು. ಅವರನ್ನೆಲ್ಲ ಅವನ ಮುಂದೆ ಒಬ್ಬೊಬ್ಬರನ್ನಾಗಿ ತಂದು ಕೂರಿಸಿದಳು. ಅವನು ಇಷ್ಟು ದಿನ ಎಲ್ಲಿದ್ದೆ ಎಂದು ಕೇಳಲಿಲ್ಲ. ಕೇಳುತ್ತಾನೆಂದು ಹೆದರಿ ವರ್ಷಗಟ್ಟಲೆ ದೂರ ಇದ್ದವಳಿಗೆ ಕಣ್ಣು ತುಂಬಿ ಹೊಲಿಗೆ ಪೂರ್ತಿ ಅಡ್ಡಾದಿಡ್ಡಿಯಾಯಿತು.

ಲ್ಯಾಬಿಗೆ ಮರಳಿದಾಗ ಒಂದೂ ನಲವತ್ತು. ಮ್ಯಾನೇಜರು ಹತ್ತು ಜನರ ಎದುರಿಗೇ, "ಇದೇನು ನಿಮ್ಮ ಮಾವನ ಮನೆಯೇ?" ಎಂದು ಕೂಗಾಡಿದ. ತಪ್ಪಾಯ್ತು ಸಾರ್ ಎಂದಳು. ಆ ದಿನದಲ್ಲಿ ಆ ಮಾತನ್ನು ಎರಡನೆಯ ಸಲ ಹೇಳುತ್ತಿದ್ದಳು. ಇದು ಏನೇನೂ ಕಷ್ಟವೆನಿಸಲಿಲ್ಲ.

ಭಾನುವಾರದ ಕೂಟದಲ್ಲಿ ಯಾರೂ ಕೇಳದೆ ಅವಳೇ ಎದ್ದು ನಿಂತಳು. ಮುಂದಿನ ಬೆಂಚನ್ನು ಹಿಡಿದುಕೊಂಡೇ ಹೇಳಿದಳು. ಸಾಕ್ಷಿ ಹೇಳಲು ಹತ್ತು ನಿಮಿಷ ಬೇಕಾಗಿತ್ತು, ಸುಳ್ಳು ಎನ್ನಲು ಅರ್ಧ ನಿಮಿಷ ಸಾಕಾಯಿತು. ಯಾರೂ ಸ್ತೋತ್ರ ಎನ್ನಲಿಲ್ಲ. ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಯ ಬೆಂಚಿನಿಂದ ಹೊಲಿಗೆಯ ಹುಡುಗಿ ಮಾತ್ರ, ಮಗುವನ್ನು ಭುಜದ ಮೇಲೆ ತಟ್ಟುತ್ತಾ, "ಹೊಲಿಗೇನೂ ಬರಲ್ಲ ಅಕ್ಕಂಗೆ. ಎಲ್ಲ ಬಿಚ್ಚಿ ಮತ್ತೆ ಹೊಲಿದೆ" ಎಂದಳು. ಒಬ್ಬ ಮುದುಕಿ ಕಿಸಕ್ಕನೆ ನಕ್ಕಳು. ಅದು ಮೆಲ್ಲಗೆ ಇತರರಿಗೂ ಹರಡಿತು. ಅಮ್ಮನವರು ನಗಲಿಲ್ಲ. ಕೂಟ ಮುಗಿದ ಮೇಲೆ ಮೆಟ್ಟಿಲ ಬಳಿ ಅವಳನ್ನು ತಡೆದು ನಿಲ್ಲಿಸಿ, "ಆ ಸಾಕ್ಷೀನ ಸಭೆಯ ಪತ್ರಿಕೆಗೆ ಕಳಿಸಿಬಿಟ್ಟಿದ್ದೀನಲ್ಲಮ್ಮ. ಅಚ್ಚಾಗಿ ಬಂದಾಯ್ತು" ಎಂದರು. ಅವಳಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ಅಮ್ಮನವರು ಕನ್ನಡಕ ತೆಗೆದು ಸೀರೆಯ ಅಂಚಿನಿಂದ ಬಹಳ ಹೊತ್ತು ಒರೆಸಿದರು. "ಇವತ್ತು ಹೇಳಿದ್ದನ್ನೂ ಬರೆದು ಕೊಡಿ. ಅದನ್ನೂ ಹಾಕಿಸ್ತೀನಿ. ಬೈತಾರೆ, ಬೈಲಿ." ಕನ್ನಡಕವಿಲ್ಲದ ಅವರ ಕಣ್ಣುಗಳ ಕೆಳಗೆ ಎಷ್ಟು ಕಪ್ಪು ಕಟ್ಟಿದೆಯೆಂದು ಅವಳು ಮೊದಲ ಸಲ ನೋಡಿದಳು. ಅಂದು ಬಸ್ಸಿನಲ್ಲಿ ಗಂಡ ಏನೂ ಹಾಸ್ಯ ಮಾಡಲಿಲ್ಲ. ಇಳಿಯುವಾಗ, "ನಾಳೆಯಿಂದ ಡಬ್ಬಿ ನಾನು ಕಟ್ತೀನಿ. ಉಪ್ಪು ಹೆಚ್ಚುಕಮ್ಮಿ ಆದ್ರೆ ಬಾಯಿ ಮುಚ್ಕೊಂಡು ತಿನ್ಬೇಕು" ಎಂದ.

ಸೋಮವಾರ ಹನ್ನೆರಡೂವರೆಗೆ ಅವಳು ಡಬ್ಬಿ ಹಿಡಿದು ನೇರ ಹಿಂಕೋಣೆಗೆ ಹೋದಳು. ಹುಡುಗಿ ಎಲ್ಲಿಂದಲೋ ಇನ್ನೊಂದು ಸ್ಟೂಲು ತಂದು ಹಾಕಿದ್ದಳು. ಅದರ ಒಂದು ಕಾಲು ಗಿಡ್ಡವಾಗಿದ್ದುದಕ್ಕೆ ಬಟ್ಟೆಚೂರು ಮಡಚಿ ಕೊಟ್ಟಿದ್ದಳು. ಕಬ್ಬಿಣದ ಮಾತ್ರೆ ಶುರು ಮಾಡಿದ್ದಾಳಂತೆ, ನಾಲಿಗೆಯೆಲ್ಲ ತುಕ್ಕಿನ ರುಚಿಯಂತೆ. ಬೆಳಿಗ್ಗೆ ಆರರವರೆಗೆ ಮಲಗಿದ್ದಳಂತೆ. ಅವಸರದಲ್ಲಿ ಊಟ ಮುಗಿಸಿ ಇಬ್ಬರೂ ಕೈ ತೊಳೆದುಕೊಂಡು ಬಂದರು. ಯಾರು ಶುರು ಮಾಡುವುದೆಂದು ಒಬ್ಬರನ್ನೊಬ್ಬರು ನೋಡಿದರು.

"ನೀನೇ ಮಾಡು" ಎಂದಳು ಅವಳು.

ಹುಡುಗಿ ಗಂಟಲು ಸರಿಮಾಡಿಕೊಂಡು, ಮೆಷಿನ್ನಿನ ಮೇಲೆ ಕೈ ಜೋಡಿಸಿಟ್ಟು, ಪಕ್ಕದಲ್ಲೇ ಕೂತವನಿಗೆ ಹೇಳುವ ದನಿಯಲ್ಲಿ, "ಕರ್ತನೇ, ಇವತ್ತು ನಮ್ಮ ಹತ್ರ ಹನ್ನೊಂದು ನಿಮಿಷ ಇದೆ" ಎಂದಳು.

ಗೋಡೆಯ ಗಡಿಯಾರದ ಪ್ರಕಾರ ಹತ್ತೇ ಉಳಿದಿತ್ತು. ಇವಳು ತಿದ್ದಲು ಹೋಗದೆ ಕಣ್ಣು ಮುಚ್ಚಿದಳು.